ಮುನ್ಸೀಫನ ನೆಲ್ಲಿ ಉಂಡಿ

ಚಿತ್ತಾಪುರದ ಕೋರ್ಟಿನಲ್ಲಿ ಬೇಲಿಫ್ ಆಗಿದ್ದ ಪಾಂಡುರಂಗರಾಯರು ಅರ್ಧ ಆಯುಷ್ಯ ಸವೆಸಿದ್ದು ‘ಅವನು ನಾನಲ್ಲ’ ಎನ್ನುವವರ ಬೆನ್ನು ಹತ್ತಿ. ಸಮನ್ಸು ಹಿಡಿದು ಬಾಗಿಲಿಗೆ ಹೋದರೆ ಸಾಕು, ಆ ಸೀಮೆಯ ಗಂಡಸರು ತಮ್ಮ ಹೆಸರನ್ನೇ ಮರೆತುಬಿಡುತ್ತಿದ್ದರು. ಶಹಾಬಾದದ ಫರಸಿ ಎಂಬ ಹಾಸುಗಲ್ಲಿನ ಖಣಿಗಳಲ್ಲಿ ಅಡಿಯಿಂದ ಮುಡಿಯವರೆಗೆ ಕಲ್ಲಿನ ಹುಡಿ ಮೆತ್ತಿಕೊಂಡು ನಿಂತವರಲ್ಲಿ ಅಣ್ಣ ಯಾರು, ತಮ್ಮ ಯಾರು ಎಂದು ಹೆತ್ತ ತಾಯಿಯೂ ಹೇಳುವಂತಿರಲಿಲ್ಲ. ವಾಡಿ ಸ್ಟೇಷನ್ನಿನಲ್ಲಂತೂ, ನೀವು ಹುಡುಕುವ ಮನುಷ್ಯ ಈಗ ಬಿಟ್ಟ ಗಾಡಿಯಲ್ಲೇ ಹೋದ ಎಂದು ಆ ಮನುಷ್ಯನೇ ನಿಂತು ಹೇಳುತ್ತಿದ್ದ.

ಇಂಥ ಕೆಲಸಕ್ಕೆ ರಾಯರಿಗೆ ಜೊತೆಯಾದದ್ದು ಒಂದು ನಾಯಿ. ಮರಿಯಾಗಿದ್ದಾಗ ಕೋರ್ಟಿನ ಪಡಸಾಲೆಯಲ್ಲಿ ಮಲಗಿ, ವಾದ ನಡೆದಷ್ಟು ಹೊತ್ತೂ ನ್ಯಾಯಾಧೀಶರ ಹಾಗೆ ಕಣ್ಣು ಮುಚ್ಚಿ ಕೇಳುತ್ತಿತ್ತೆಂದು ವಕೀಲರು ಅದಕ್ಕೆ ಮುನ್ಸೀಫ ಎಂದು ಹೆಸರಿಟ್ಟಿದ್ದರು. ಬಣ್ಣ ಬೆಲ್ಲದ್ದು, ಒಂದು ಕಿವಿ ಸದಾ ಮಡಚಿಕೊಂಡದ್ದು. ಒಮ್ಮೆ ಮೂಸಿದ ಮನುಷ್ಯನನ್ನು ಅದು ಮರೆತ ದಾಖಲೆಯೇ ಇರಲಿಲ್ಲ.

ಭಂಕೂರದಲ್ಲಿ ಅಂಬಾರಾಯನೆಂಬ ಕಲ್ಲು ಒಡೆಯುವವನು ರಾಯರನ್ನು ಇಡೀ ಬೇಸಿಗೆ ಆಡಿಸಿದ್ದ. ಕೊನೆಗೆ ಒಂದು ದಿನ ಹೊಸ್ತಿಲಲ್ಲೇ ಸಿಕ್ಕ.

“ಅಂವ ನಾ ಅಲ್ರಿ ಸಾಹೇಬ್ರ. ಅಂಬಾರಾಯ ಪುಣಾಕ ಹೋಗ್ಯಾನ.”

“ಮತ್ತ ನೀ ಯಾರಪ್ಪ?”

“ನಾ ಅವನ ತಮ್ಮರಿ.”

ಅಷ್ಟರಲ್ಲಿ ಮುನ್ಸೀಫ ಮುಂದೆ ಹೋಗಿ ಆ ‘ತಮ್ಮ’ನ ಅಂಗೈ ನೆಕ್ಕಿ, ಹಳೆಯ ನೆಂಟನನ್ನು ಕಂಡಂತೆ ಸುತ್ತಮುತ್ತ ಕುಣಿಯಿತು. ಅಂಬಾರಾಯ ಹಣೆ ಬಡಿದುಕೊಂಡ. “ಇದರ ಮನಿ ಹಾಳಾಗ್ಲಿ. ಸಂತ್ಯಾಗ ಒಂದು ಭಜಿ ಒಗದಿದ್ದೆ, ಅಷ್ಟಕ್ಕ ನೆಪ್ಪಿಟ್ಟದ ನೋಡ್ರಿ,” ಎಂದು ಹೆಬ್ಬೆಟ್ಟು ಒತ್ತಿದ.

ಇಂಥ ನಾಯಿ, ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಮಳೆಗಾಲದ ಹೊತ್ತಿಗೆ ಮುದಿಯಾಯಿತು. ಮೂತಿಯ ಸುತ್ತ ಬೂದಿ ಬಳಿದಂತಾಯಿತು, ಕಣ್ಣಿಗೆ ನೀಲಿ ಪೊರೆ ಬಂತು. ರಾಯರು ಅದನ್ನು ಊರೂರಿಗೆ ಕರೆದೊಯ್ಯುವುದು ಬಿಟ್ಟರು. ಅದು ಮನೆಯ ಕಾಂಪೌಂಡ್ ಗೇಟಿನಲ್ಲಿ ಬಿದ್ದುಕೊಂಡಿರುತ್ತಿತ್ತು. ಒಂದು ಸಂಜೆ ರಾಯರು ಶಹಾಬಾದದಿಂದ ಬಂದು ಗೇಟು ತೆರೆದರೆ, ಮುನ್ಸೀಫ ಬೆನ್ನಿನ ಕೂದಲು ನಿಮಿರಿಸಿ ಎದ್ದು ನಿಂತು, ಕಳ್ಳನನ್ನು ಕಂಡಂತೆ ಬೊಗಳಿತು. ರಾಯರು ಅದರ ಹೆಸರು ಹಿಡಿದು ಕರೆದರು. ಅದು ಇನ್ನೊಂದು ದನಿ ಏರಿಸಿತು.

ಹೆಂಡತಿ ಸರಸ್ವತಿಬಾಯಿ ಒಳಗಿನಿಂದ ಬಂದರು.

“ಅಲ್ಲೇ, ಇದಕ್ಕೇನಾಗ್ಯದ?” ಎಂದರು ರಾಯರು.

“ಏನಾಗ್ಯದ ಅಂದ್ರ? ಬಾಗಲಾ ಕಾಯ್ಲಿಕತ್ತದ.”

“ನನ್ನಿಂದ?”

“ಯಾರಿಂದ ಕಾಯಬೇಕು, ಯಾರಿಂದ ಬ್ಯಾಡ ಅಂತ ಅದಕ್ಕ ಪಟ್ಟಿ ಬರದು ಕೊಟ್ಟೀರೇನ್ರಿ?”

ಒಂದು ದಿನದ ಮಾತಾಗಿದ್ದರೆ ನಗಬಹುದಿತ್ತು. ಅದು ಪ್ರತಿ ಸಂಜೆಯ ಮಾತಾಯಿತು. ಹಾಲಿನವನಿಗೆ ಬಾಲ ಆಡಿಸುತ್ತಿತ್ತು. ಹಳೇ ಪೇಪರು ಕೊಳ್ಳುವವನ ಚೀಲಕ್ಕೆ ತಲೆ ಒರೆಸುತ್ತಿತ್ತು. ಎದುರು ಮನೆಯ ನಂದಕಿಶೋರ ಮಾಸ್ತರರನ್ನು ಸುಮ್ಮನೆ ನೋಡಿ ಬಿಟ್ಟುಬಿಡುತ್ತಿತ್ತು. ಅನ್ನ ಹಾಕಿ ಸಾಕಿದ ಯಜಮಾನರಿಗೆ ಮಾತ್ರ ಪ್ರವೇಶವಿಲ್ಲ. ರಾಯರು ತಮ್ಮ ಇಲಾಖೆಯ ಪದ್ಧತಿಯನ್ನೂ ಬಿಡಲಿಲ್ಲ. ಗುರುತು ಸಿಗದ ಮನುಷ್ಯನನ್ನು ಪಂಚರಿಂದ ಗುರುತಿಸುವುದು ಕಾನೂನು. ಅದರಂತೆ ನಂದಕಿಶೋರ ಮಾಸ್ತರರನ್ನೂ, ಪಕ್ಕದ ಮನೆಯ ಸೊಸೆ ವೃಂದಾಳನ್ನೂ ಕರೆದು ಗೇಟಿನಲ್ಲಿ ನಿಲ್ಲಿಸಿದರು. ಮಾಸ್ತರರು ಗಂಟಲು ಸರಿಪಡಿಸಿಕೊಂಡು, “ನೋಡಪಾ ಮುನ್ಸೀಫಾ, ಇವರು ಪಾಂಡುರಂಗರಾಯರು. ನಾ ಇವರನ್ನ ಸಣ್ಣವರಿದ್ದಾಗಿಂದ ಬಲ್ಲೆ,” ಎಂದರು. ವೃಂದಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, “ಹೌದು, ಖರೇನ ಇವರೇ,” ಎಂದು ಸಾಕ್ಷಿ ನುಡಿದಳು. ನಾಯಿ ಇಬ್ಬರ ಮಾತನ್ನೂ ಪೂರ್ತಿ ಕೇಳಿಸಿಕೊಂಡು, ಮತ್ತೆ ರಾಯರತ್ತ ತಿರುಗಿ ಬೊಗಳಿತು.

ಓಣಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ರಾಯರೂ ಸಂಗಡ ನಕ್ಕರು, ಆದರೆ ಆ ರಾತ್ರಿ ಊಟ ಅರ್ಧಕ್ಕೇ ಬಿಟ್ಟು ಎದ್ದರು. ಊರಿನವರೆಲ್ಲ ತಾವು ತಾವಲ್ಲವೆಂದರೂ ಹಿಡಿದು ತೋರಿಸಿದ ನಾಯಿ ತಮ್ಮನ್ನೇ ಅಲ್ಲವೆಂದರೆ ಹೇಗೆ ತಡೆಯುವುದು? ನಾಯಿಗೆ ಇನ್ನೆಷ್ಟು ದಿನವೋ. ಕಣ್ಣು ಮುಚ್ಚುವ ಮೊದಲು ಅದು ತಮ್ಮನ್ನು ಗುರುತಿಸಬೇಕು. ಆಮೇಲೆ ಅವರಿಗೆ ಬೇರೆ ಆಸೆಯೇ ಉಳಿಯಲಿಲ್ಲ.

ಮೊದಲು ಚಿತ್ತಾಪುರದಲ್ಲಿದ್ದ ದನದ ಡಾಕ್ಟರ್ ದೇವಿಂದ್ರ ಈಗ ಚಿಂಚೋಳಿಯ ಕಡೆ, ಚಂದಾಪುರದಲ್ಲಿದ್ದ. ರಾಯರು ರಜೆ ಹಾಕಿ, ನಾಯಿಯ ಕೊರಳಿಗೆ ಹಗ್ಗ ಕಟ್ಟಿ ಹೊರಟರು. ಸೇಡಮ್ಮಿನಲ್ಲಿ ಬಸ್ಸು ಬದಲಿಸುವವರೆಗೆ ಅದು ನಿದ್ದೆಯಲ್ಲಿತ್ತು. ಎಚ್ಚರವಾದದ್ದೇ, ಯಾರೋ ಅಪರಿಚಿತ ತನ್ನನ್ನು ಹಗ್ಗ ಹಾಕಿ ಒಯ್ಯುತ್ತಿದ್ದಾನೆಂದು ಅದಕ್ಕೆ ಹೊಳೆಯಿತು. ಬಸ್ಸು ತುಂಬ ಗದ್ದಲ.

“ನಾಯಿ ನಿಮ್ದೇ ಏನ್ರಿ?” ಎಂದ ಕಂಡಕ್ಟರು.

“ನಂದೇ.”

“ಅದು ಹಂಗ ಅನ್ವಲ್ದಲ್ರಿ.”

ಹಿಂದಿನ ಸೀಟಿನ ಮುದುಕಿಯೊಬ್ಬಳು, “ಮಾರಿ ನೋಡಿದ್ರ ಛೊಲೋ ಮನಿಯವರಂಗ ಕಾಣ್ತಾರ. ನಾಯಿ ಕದಿಯೂ ಗತಿ ಯಾಕ ಬಂತೋ,” ಎಂದು ಮರುಗಿದಳು. ರಾಯರು ಕೋರ್ಟಿನ ಬಿಲ್ಲೆ ತೆಗೆದು ತೋರಿಸಿದರು. ಅದರಿಂದ ಅವರು ಬೇಲಿಫ್ ಎಂಬುದು ಸಿದ್ಧವಾಯಿತೇ ಹೊರತು ನಾಯಿ ಅವರದೆಂಬುದು ಸಿದ್ಧವಾಗಲಿಲ್ಲ. ಚಂದಾಪುರ ಬರುವವರೆಗೆ ಕಂಡಕ್ಟರು ಒಂದು ಕಣ್ಣು ಅವರ ಮೇಲಿಟ್ಟೇ ಟಿಕೀಟು ಹರಿದ.

ಡಾಕ್ಟರ್ ದೇವಿಂದ್ರ ನಾಯಿಯ ಹಲ್ಲು, ಕಣ್ಣು, ಎದೆ ನೋಡಿ ಕುರ್ಚಿ ಎಳೆದುಕೊಂಡ.

“ಕುಂದ್ರಿ ರಾಯರ. ಬದನಿಕಾಯಿ ಹೆಚ್ಚಿ ಹಂಗ ಬಿಟ್ರ ಏನಾಗ್ತದ?”

“ಕರ್ರಗಾಗ್ತದ.”

“ಹಂಗ ಇದರ ತಲ್ಯಾಗ ಆಗ್ಲಿಕತ್ತದ. ವಯಸ್ಸಿಗೆ ಮಿದುಳು ಕರ್ರಗಾಗೂದು, ತುಕ್ಕು ಹಿಡಿಯೂದು. ಹೊರದೇಶದಾಗ ಈ ತುಕ್ಕು ತಡಿಯೂ ಗಿಡಮೂಲಿಕಿ ನಾಯಿ ಊಟದಾಗ ಕಲಸಿ ಕೊಡ್ತಾರಂತ ಓದೀನಿ. ನಮ್ಮಲ್ಲಿ ಡಬ್ಬಿ ಸಿಗಂಗಿಲ್ಲ, ಗಿಡ ಸಿಗ್ತಾವ. ಒಣಗಿಸಿದ ನೆಲ್ಲಿಕಾಯಿ, ಅರಿಶಿಣ, ಒಂದೆಲಗ, ನುಗ್ಗಿ ಸೊಪ್ಪು. ಪುಡಿ ಮಾಡಿ, ಚೂರು ಮೆಣಸು, ಚೂರು ತುಪ್ಪ ಹಾಕಿ ಉಂಡಿ ಕಟ್ರಿ. ಮುಂಜಾನಿ ಒಂದು, ಸಂಜಿಗೊಂದು. ಉಳ್ಳಾಗಡ್ಡಿ, ಬಳ್ಳೊಳ್ಳಿ, ದ್ರಾಕ್ಷಿ ಮಾತ್ರ ಕೊಡಬ್ಯಾಡ್ರಿ, ನಾಯಿಗೆ ವಿಷ.”

“ಉಳ್ಳಾಗಡ್ಡಿ, ಬಳ್ಳೊಳ್ಳಿ ನಮ್ಮನ್ಯಾಗ ಹೊಸ್ತಲಾನೂ ದಾಟಿಲ್ಲ. ಇದರ ಗುರುತು ವಾಪಸ್ ಬರ್ತದೇನು, ಅದು ಹೇಳಪಾ.”

“ಹೋದದ್ದು ಬರ್ತದಂತ ನಾ ಹೇಳಂಗಿಲ್ರಿ. ಇರೂದು ಉಳದ್ರ ಉಳೀಬಹುದು. ನಿಮ್ಮ ಕೈಲೇ ಕೊಡ್ರಿ, ದಿನಾ ಕೊಡ್ರಿ, ಒಂದು ದಿನಾನೂ ತಪ್ಪಿಸಬ್ಯಾಡ್ರಿ.”

ಕುಂಚಾವರಂ ಅಡವಿಯ ನೆಲ್ಲಿಕಾಯಿಯನ್ನು ಅಲ್ಲಿನ ಸಂತೆಯಲ್ಲಿ ಅನಸುಬಾಯಿ ಎಂಬಾಕೆ ಗುಡ್ಡೆ ಹಾಕಿಕೊಂಡು ಕೂತಿದ್ದಳು. “ಯಾರಿಗ್ರಿ, ಮನ್ಯಾಗ ಹಿರ್ಯಾರಿಗೇನು?” ಎಂದಳು. ನಾಯಿಗೆ ಎಂದಾಗ ಮುಂದಿನ ಗುಡ್ಡೆ ಬಿಟ್ಟು ಹಿಂದಿನ ಬುಟ್ಟಿ ಎಳೆದಳು. “ನಾಯಿಗಾದ್ರ ಇವು ಒಯ್ರಿ, ಇವತ್ತಿನವು. ಮನಷ್ಯಾರು ಏನ್ ಕೊಟ್ರೂ ತಿಂತಾರ, ನಾಯಿ ಮೂಸಿ ನೋಡ್ತದ.”

ಡಾಕ್ಟರು ಹೇಳಿದ್ದನ್ನು ರಾಯರು ಅಕ್ಷರ ಬಿಡದೆ ಹೆಂಡತಿಗೆ ಒಪ್ಪಿಸಿದರು. ಸರಸ್ವತಿಬಾಯಿ ಮಡಿಯಲ್ಲೇ ನೆಲ್ಲಿಕಾಯಿ ಒಣಗಿಸಿ, ಒಂದೆಲಗ ನೆರಳಿಗೆ ಹರವಿ, ಬೀಸುವ ಕಲ್ಲಿನಲ್ಲಿ ಬೀಸಿ, ತುಪ್ಪ ಬಿಟ್ಟು ಉಂಡೆ ಕಟ್ಟಿದರು. ಆದಿತ್ಯವಾರ ನೆಲ್ಲಿಕಾಯಿ ತಿನ್ನಬಾರದಷ್ಟೆ. ಆ ದಿನಕ್ಕೆ ನೆಲ್ಲಿ ಇಲ್ಲದ ಉಂಡೆಯನ್ನು ಬೇರೆ ಡಬ್ಬಿಯಲ್ಲಿಟ್ಟರು. ಏಕಾದಶಿಗೆ ಯಾವ ಉಂಡೆಯೂ ಇಲ್ಲ.

“ಡಾಕ್ಟರ್ ದಿನಾ ಅಂದಾನ,” ಎಂದರು ರಾಯರು.

“ದಿನಾ ಅಂದ್ರ ಏಕಾದಶಿ ಬಿಟ್ಟು ದಿನಾ. ಅದನ್ನೂ ಬಾಯಿ ಬಿಟ್ಟು ಹೇಳಬೇಕೇನ್ರಿ?”

ಹೇಳಬೇಕಾಗಿರಲಿಲ್ಲ. ಆ ಮನೆಯಲ್ಲಿ ದಿನವೂ ಹಾಲು, ದಿನವೂ ಪೂಜೆ, ದಿನವೂ ಅನ್ನ ಎಂದರೆ ಏಕಾದಶಿಯನ್ನು ಬದಿಗಿಟ್ಟೇ ಅರ್ಥ. ರಾಯರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಮುಂಜಾನೆ ರಾಯರು ಪೂಜೆಗೆ ಹೂವು ತರಲು ಹೋಗುವಾಗ, ಸಂಜೆ ಬಂದು ತಿನ್ನಿಸಲೆಂದು ಕೋರ್ಟಿಗೆ ಹೊರಡುವಾಗಲೂ, ಮುತ್ತುಗದ ಎಲೆಯಲ್ಲಿ ಸುತ್ತಿದ ಉಂಡೆ ಅವರ ಜೇಬಿನಲ್ಲಿರುತ್ತಿತ್ತು. ತಿರುಗಿ ಬಂದು ಗೇಟಿನಲ್ಲೇ ತಮ್ಮ ಕೈಯಿಂದ ತಿನ್ನಿಸುತ್ತಿದ್ದರು. ಮೊದಲ ವಾರ ಬೈಗುಳ ತಿಂದೇ ತಿನ್ನಿಸಿದರು. ಆಮೇಲೊಂದು ಮುಂಜಾನೆ ಹೂವಿನ ಬುಟ್ಟಿ ಹಿಡಿದು ಬಂದರೆ ಮುನ್ಸೀಫ ಬೊಗಳಲಿಲ್ಲ. ಮೂಗು ಅರಳಿಸಿ, ಮಡಚಿದ ಕಿವಿಯನ್ನು ಇನ್ನಷ್ಟು ಮಡಚಿ, ಬಾಲ ಆಡಿಸಿತು. ರಾಯರು ಹೂವಿನ ಬುಟ್ಟಿಯನ್ನು ಅಲ್ಲೇ ನೆಲಕ್ಕಿಟ್ಟರು. “ಗುರುತು ಹಿಡೀತು,” ಎಂದು ಓಣಿಗೆಲ್ಲ ಕೇಳುವಂತೆ ಹೇಳಿದರು. ಚಂದಾಪುರಕ್ಕೆ ಕಾಗದ ಬರೆದು ಡಾಕ್ಟರಿಗೆ ನೂರು ವರ್ಷ ಆಯುಷ್ಯ ಹಾರೈಸಿದರು.

ಏಕಾದಶಿ ಬಂತು. ಮನೆಯಲ್ಲಿ ಉಂಡೆ ಕಟ್ಟಲಿಲ್ಲ. ಹೂವು ತಂದ ರಾಯರನ್ನು ಮುನ್ಸೀಫ ಗೇಟಿನಲ್ಲಿ ತಡೆದು, ಓಣಿ ಕಿತ್ತುಹೋಗುವಂತೆ ಬೊಗಳಿತು. ದ್ವಾದಶಿಯ ಬೆಳಗಿನ ಪಾರಣೆಗೆ ಉಂಡೆ ಬಂತು, ಬಾಲವೂ ಬಂತು. ಮುಂದಿನ ಏಕಾದಶಿಗೆ ಮತ್ತದೇ ಕಥೆ.

ಇದನ್ನು ಮೊದಲು ಗಮನಿಸಿದವಳು ವೃಂದಾ. “ಸರಸ್ವತಿ ಕಾಕು, ನಿಮ್ಮ ನಾಯಿಗೆ ಏಕಾದಶಿ ತಿಳೀತದ,” ಎಂದಳು. ಆ ಓಣಿಯಲ್ಲಿ ಅದು ಸಣ್ಣ ಮಾತಲ್ಲ. ರಾಯರ ಮನೆಯಲ್ಲಿ ಒಂದು ಮಠದ ಪಂಚಾಂಗ, ಎದುರಿಗೆ ನಂದಕಿಶೋರ ಮಾಸ್ತರರ ಮನೆಯಲ್ಲಿ ಇನ್ನೊಂದು ಮಠದ್ದು. ತಿಥಿಯ ಗಣಿತ ಒಮ್ಮೊಮ್ಮೆ ಜಾರಿ ಒಬ್ಬರಿಗೆ ಇವತ್ತು ಏಕಾದಶಿ, ಇನ್ನೊಬ್ಬರಿಗೆ ನಾಳೆ. ವೃಂದಾಳ ತವರು ಸೇಡಮ್ಮಿನಲ್ಲಿ ಒಂದು ಲೆಕ್ಕ, ಗಂಡನ ಮನೆಯಲ್ಲಿ ಮತ್ತೊಂದು. ಎರಡು ದಿನ ಉಪವಾಸ ಮಾಡಲು ಮೈಯಲ್ಲಿ ಕಸುವಿಲ್ಲ, ಒಂದು ದಿನ ಮಾಡಿದರೆ ಯಾವುದೆಂದು ತಿಳಿಯದು. ಆಕೆಯಂಥವರು ಓಣಿಯಲ್ಲಿ ಬಹಳ ಮಂದಿ ಇದ್ದರು. ಅವರೆಲ್ಲ ಏಕಾದಶಿ ಹತ್ತಿರ ಬಂದ ಮುಂಜಾನೆಗಳಲ್ಲಿ ಅಕ್ಕಿಯನ್ನು ಮೊರದಲ್ಲೇ ಇಟ್ಟು ಬಾಗಿಲಿಗೆ ಬಂದು ನಿಲ್ಲತೊಡಗಿದರು. ರಾಯರು ಹೂವು ತರಬೇಕು, ನಾಯಿ ತೀರ್ಪು ಕೊಡಬೇಕು. ಬೊಗಳಿದರೆ ಉಪವಾಸ, ಬಾಲ ಆಡಿಸಿದರೆ ಅನ್ನ.

ನಂದಕಿಶೋರ ಮಾಸ್ತರರು ಮಾತ್ರ ಒಪ್ಪಲಿಲ್ಲ. “ನಿಮ್ಮನಿ ಅನ್ನ ತಿಂತದ, ನಿಮ್ಮ ಮಠದ ಕಡೀನೇ ಮಾತಾಡ್ತದ,” ಎಂದರು.

“ನಾಯಿಗ್ಯಾವ ಮಠಾರಿ ಮಾಸ್ತರ?” ಎಂದರು ಓಣಿಯವರು.

ಓಣಿಗೆ ಇದು ಭಕ್ತಿಯ ವಿಷಯವಾದರೆ ರಾಯರಿಗೆ ಏಕಾದಶಿ ಮುಳ್ಳಾಯಿತು. ಹದಿನೈದು ದಿನ ತಮ್ಮನ್ನು ಬಲ್ಲ ನಾಯಿ ಆ ಒಂದು ದಿನ ಎಲ್ಲರ ಎದುರು ತಮ್ಮನ್ನು ಅಲ್ಲಗಳೆಯುತ್ತಿತ್ತು. ಮುನ್ಸೀಫನ ಹಿಂಗಾಲು ಅಷ್ಟರಲ್ಲಿ ಸೋಲತೊಡಗಿತ್ತು. ಬೊಗಳಲು ಏಳುವಾಗ ಎರಡು ಸಲ ಕುಸಿದು ಮೂರನೆಯ ಸಲ ನಿಲ್ಲುತ್ತಿತ್ತು. ಅದು ಒಂದು ಏಕಾದಶಿಯ ದಿನವೇ ಸತ್ತರೆ ತಮ್ಮನ್ನು ಯಾರೆಂದು ತಿಳಿದು ಸತ್ತೀತು? ಈ ಯೋಚನೆ ರಾಯರನ್ನು ಬಿಡಲಿಲ್ಲ.

ಮರುವರ್ಷ ಶ್ರಾವಣದಲ್ಲಿ ಪಂಚಾಂಗಗಳು ಮತ್ತೆ ಜಗಳವಾಡಿದವು. ರಾಯರ ಪಂಚಾಂಗ ಗುರುವಾರ ಅಂದಿತು, ಮಾಸ್ತರರದ್ದು ಶುಕ್ರವಾರ. ದಶಮಿಯ ಸಂಜೆ ರಾಯರು ನಾಯಿಗೆ ಅರ್ಧ ಉಂಡೆಯನ್ನಷ್ಟೇ ತಿನ್ನಿಸಿ, ಉಳಿದರ್ಧವನ್ನು ಎಲೆಯಲ್ಲಿ ಸುತ್ತಿ ಬಚ್ಚಿಟ್ಟುಕೊಂಡರು. ಜೀವಮಾನದಲ್ಲಿ ಒಂದು ನೋಟೀಸನ್ನೂ ಬಚ್ಚಿಡದ ಮನುಷ್ಯ. ಗುರುವಾರ ಮುಂಜಾನೆ ಅದನ್ನು ಪಂಚೆಯ ಮಡಿಕೆಯಲ್ಲಿ ಸಿಕ್ಕಿಸಿಕೊಂಡು ಹೂವಿಗೆ ಹೋದರು.

ತಿರುಗಿ ಬರುವಾಗ ಓಣಿಯ ಎರಡೂ ಕಡೆ ಜನ. ಮುನ್ಸೀಫ ತೂರಾಡುತ್ತ ಎದ್ದಿತು. ಮೂಗು ಮುಂದೆ ಚಾಚಿತು. ಬಾಲ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಆಮೇಲೆ ಗಿರಗಿಟ್ಟೆ. ರಾಯರು ಬಗ್ಗಿ ಅರ್ಧ ಉಂಡೆಯ ಚೂರೊಂದನ್ನು ಅದರ ಬಾಯಿಗೆ ಸೇರಿಸಿದ್ದು ಅವರ ಬೆನ್ನಿನ ಮರೆಯಲ್ಲಿ ಯಾರಿಗೂ ಕಾಣಲಿಲ್ಲ.

“ಇವತ್ತಲ್ಲ, ನಾಳಿ,” ಎಂದು ಯಾರೋ ಹೇಳಿದರು.

ಮಾಸ್ತರರು ಗೆದ್ದ ಮುಖದಲ್ಲಿ ಶಲ್ಯ ಹೆಗಲಿಗೇರಿಸಿದರು. “ಇವತ್ತು ನಾಯಿ ಖರೇ ಹೇಳ್ತು,” ಎಂದು ಮೊದಲ ಬಾರಿಗೆ ಅದನ್ನು ಹೊಗಳಿದರು. ಬಾಗಿಲುಗಳು ಮುಚ್ಚಿದವು, ಒಲೆಗಳು ಹತ್ತಿದವು. ಸ್ವಲ್ಪ ಹೊತ್ತಿನಲ್ಲಿ ಇಡೀ ಓಣಿ ಬೆಂದ ಅನ್ನದ ವಾಸನೆ ಹೊತ್ತು ನಿಂತಿತು.

ಸರಸ್ವತಿಬಾಯಿ ಒಲೆ ಹಚ್ಚಲಿಲ್ಲ. ಗೇಟಿಗೆ ಬಂದು ಗಂಡನ ಪಂಚೆ ನೋಡಿದರು. ಮಡಿಕೆಯ ಬಳಿ ಅಂಗೈಯಗಲ ಹಳದಿ ಕಲೆ.

“ಏನ್ರಿ ಅದು?”

ರಾಯರು ಅಂಗೈಯಿಂದ ಕಲೆ ಮುಚ್ಚಿಕೊಂಡರು. ಎಷ್ಟೋ ಜನರ ಸುಳ್ಳನ್ನು ಬಾಗಿಲಲ್ಲಿ ನಿಂತು ಕೇಳಿದವರಿಗೆ, ಒಂದು ಸುಳ್ಳು ಬೇಕಾದಾಗ ನಾಲಿಗೆಗೆ ಬರಲಿಲ್ಲ.

“ಒಂದಗುಳು ಯಾರ ಬಾಯಿಗೆ ಹೋದ್ರೂ ಪಾಪ ನಮಗ ಸುತ್ತಿಕೋತದ, ತಿಳೀತೇನು?” ಎಂದವರೇ ಸರಸ್ವತಿಬಾಯಿ ಓಣಿಯ ನಡುವೆ ನಿಂತು, “ಯಾರೂ ಉಣ್ಣಬ್ಯಾಡ್ರಿ. ಇವತ್ತ ಏಕಾದಶಿ. ನಾಯಿಗೆ ಇವರು ಉಂಡಿ ತಿನ್ಸ್ಯಾರ,” ಎಂದು ಕೂಗಿದರು.

ಎಲೆ ಹಾಕಿದವರು ಎಲೆ ಬಿಟ್ಟು ಬಂದರು. ಮಾಸ್ತರರೂ ಬಂದರು. “ಉಂಡಿಗೂ ತಿಥಿಗೂ ಏನು ಸಂಬಂಧ?” ಎಂದು ಕೇಳಿ, ಉತ್ತರ ಬರುವ ಮೊದಲೇ ತಾವೇ ತಿಳಿದುಕೊಂಡರು. ಪಾಠ ಹೇಳುವ ಮನುಷ್ಯ, ಪ್ರಯೋಗವಿಲ್ಲದೆ ಬಿಡುವವರಲ್ಲ. ರಾಯರ ಕೈಯಿಂದ ಉಳಿದ ಚೂರು ತೆಗೆದುಕೊಂಡು, ಓಣಿಯ ತುದಿಗೆ ಹೋಗಿ ತಿರುಗಿ ಬಂದು ರಾಯರ ಗೇಟಿನೊಳಗೆ ಕಾಲಿಟ್ಟರು. ಮುನ್ಸೀಫ ಅವರ ಕೈಗೆ ಮೂತಿ ತಿಕ್ಕಿ, ಬಾಲ ಬೀಸುತ್ತ, ಪಡಸಾಲೆ ದಾಟಿಸಿ ದೇವರ ಕೋಣೆಯ ಬಾಗಿಲವರೆಗೆ ಕರೆದೊಯ್ದು ಬಿಟ್ಟಿತು.

“ಈಗ ನೀವು ಬರ್ರಿ. ಕೈ ತೊಳಕೊಂಡು, ಪಂಚಿ ಬದಲ್ಸಿ ಬರ್ರಿ,” ಎಂದರು ಮಾಸ್ತರರು.

ರಾಯರು ಮಾಸ್ತರರ ಮನೆಯಲ್ಲೇ ಕೈಕಾಲು ತೊಳೆದು, ಅವರದೇ ಒಗೆದ ಪಂಚೆ ಉಟ್ಟು ಬಂದರು. ನಾಯಿ ಎದ್ದು ನಿಂತಿತು. ಅದು ಬೊಗಳಿತು.

ಅಷ್ಟು ದಿನ ನಾಯಿ ಬಲ್ಲದ್ದು ಉಂಡೆಯನ್ನು. ರಾಯರು ಅದನ್ನು ಸುತ್ತಿದ ಎಲೆ, ಅಷ್ಟೆ.

ಯಾರೂ ನಗಲಿಲ್ಲ. ಬೇಯಿಸಿಟ್ಟ ಅನ್ನವನ್ನು ಏನು ಮಾಡುವುದೆಂಬ ಪ್ರಶ್ನೆ ಬಂತು. ಒಬ್ಬೊಬ್ಬರೇ ತಂದು ಮುನ್ಸೀಫನ ತಟ್ಟೆಗೆ, ತಟ್ಟೆ ತುಂಬಿದ ಮೇಲೆ ಫರಸಿಯ ಮೇಲೆ ಸುರಿದರು. ಮಾಸ್ತರರ ಮನೆ ಬಿಟ್ಟು ಇಡೀ ಓಣಿ ಉಪವಾಸವಿದ್ದ ಆ ದಿನ ಅದೊಂದು ತನಗೆ ಬೇಕಾದಷ್ಟು ತಿಂದಿತು, ಉಳಿದದ್ದನ್ನು ದನ ತಿಂದವು. ಮಾಸ್ತರರು ಹೋಗುವ ಮುಂಚೆ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡರು.

“ಸರಸ್ವತಿಬಾಯಿ, ಔಷಧ ತಗೊಂಡ್ರ ಏಕಾದಶಿ ಕೆಡಂಗಿಲ್ಲಂತ ಶಾಸ್ತ್ರದಾಗ ಅದ. ಎರಡೂ ಮಠದವರು ಒಪ್ತಾರ.”

“ಮತ್ತ ಮೊದಲ ಯಾಕ ಹೇಳ್ಲಿಲ್ರಿ?”

“ನೀವು ಕೇಳ್ಲಿಲ್ಲ. ನಾ ಅದನ್ನ ಪ್ರಸಾದ ಅಂತ ತಿಳದಿದ್ದೆ.”

ರಾಯರು ಆ ದಿನ ಕೋರ್ಟಿಗೆ ಹೋದರು, ಬಂದರು. ಸಂಜೆ ಗೇಟಿನೊಳಗೆ ಕಾಲಿಡಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತರು. ಮುನ್ಸೀಫ ಅರ್ಧ ತೆರೆದ ಗೇಟಿನಿಂದ ಹೊರಬಂದು, ಎದುರು ನಿಂತು ಬೊಗಳತೊಡಗಿತು.

“ಒಳಗ ಬರ್ರಿ, ನಾ ಅದನ್ನ ಹಿಡಕೋತೀನಿ,” ಎಂದರು ಸರಸ್ವತಿಬಾಯಿ.

“ಹಿಡದು ಬಂದ್ರ ಏನ್ ಬಂದಂಗಾಯ್ತು? ಬೈಲಿ ಬಿಡು. ಅದರ ಮನಸ್ಸು ತಣ್ಣಗಾಗೂ ತನಕ ಬೈಲಿ.”

“ನಾಳಿಂದ ಏಕಾದಶಿಗೂ ಉಂಡಿ ಕಟ್ಟಿ ಕೊಡ್ತೀನಿ. ಮೂಗಿಗಾದ್ರೂ ನೀವು ಸಿಗ್ತೀರಿ.”

“ಕಟ್ಟಿಕೊಡು. ಅದರ ತಲಿಗೆ ಬೇಕು. ನನಗಂತ ಬ್ಯಾಡ. ಹಿತ್ತಲದಾಗ ನೀನೇ ತಿನ್ನಸು.”

ನಾಯಿ ಬೊಗಳಿ ಬೊಗಳಿ ದನಿ ಕಳೆದುಕೊಂಡಿತು. ಹಿಂಗಾಲು ನಡುಗಿ ಕೂತಿತು. ಕೂತೇ ಒಂದೆರಡು ಸಲ ಗುರ್ ಎಂದಿತು, ಆಮೇಲೆ ಅದನ್ನೂ ಬಿಟ್ಟಿತು. ರಾಯರು ಅದನ್ನು ಕರೆಯಲಿಲ್ಲ, ಮುಟ್ಟಲಿಲ್ಲ. ಇಡೀ ದಿನ ಕಾದ ಫರಸಿ ಇನ್ನೂ ಬೆಚ್ಚಗಿತ್ತು. ನಾಯಿ ಆ ಶಾಖ ಹುಡುಕುತ್ತ ಜರುಗಿ ಜರುಗಿ ಬಂದು, ರಾಯರ ಕಾಲಿಗೆ ಬೆನ್ನು ತಾಗಿಸಿ, ಮೂತಿಯನ್ನು ಓಣಿಯ ಕಡೆ ಮಾಡಿ ಮಲಗಿತು.

ಆ ಹೊತ್ತಿಗೆ ಮಾಸ್ತರರು ಭಜನೆಗೆ ಕರೆಯಲು ಎದುರಿನಿಂದ ಬಂದರು. ಮುಂಜಾನೆ ದೇವರ ಕೋಣೆಯವರೆಗೆ ಗೌರವದಿಂದ ಬರಮಾಡಿಕೊಂಡ ಅದೇ ನಾಯಿ ಎರಡು ಸಲ ಕುಸಿದು, ಮೂರನೆಯ ಸಲ ರಾಯರ ಮುಂದೆ ಅಡ್ಡ ನಿಂತು, ಇದ್ದ ಬದ್ದ ದನಿಯಲ್ಲಿ ಮಾಸ್ತರರ ಮೇಲೆ ಬೊಗಳಿತು.

“ನಾ ನಂದಕಿಶೋರ. ಇದಕ್ಕೇನಾತ್ರಿ?” ಎಂದರು ಮಾಸ್ತರರು ಹಿಂದೆ ಸರಿದು.

“ಮುಂದ ಬರಬ್ಯಾಡ್ರಿ ಮಾಸ್ತರ. ಅಲ್ಲೇ ನಿಂತು ಹೇಳ್ರಿ,” ಎಂದರು ರಾಯರು.

ನಾಯಿ ಮತ್ತೆ ರಾಯರ ಪಾದದ ಮೇಲೆಯೇ ಭಾರ ಬಿಟ್ಟು ಮಲಗಿತು. ಮಾಸ್ತರರು ಒಬ್ಬರೇ ಭಜನೆಗೆ ಹೋದರು. ರಾಯರ ಕಾಲು ಜೋಮು ಹಿಡಿಯಿತು. ಸರಸ್ವತಿಬಾಯಿ ಎರಡು ಸಲ ಬಾಗಿಲಿಗೆ ಬಂದು ನೋಡಿ ಒಳಗೆ ಹೋದರು. ರಾಯರು ಕಾಲು ಕದಲಿಸಲಿಲ್ಲ.